97 ಡಿಗ್ರಿಗಿಂತ, ಆ ಎರಡು ಸಲ ಆಫ್ ಆದದ್ದೇ ನನಗೆ ಚಿಂತೆ

ಪ್ರಶ್ನೆ: ನಾನು ರಾಯಚೂರಿನವನು, ಎಂಜಿನಿಯರಿಂಗ್ ಮೂರನೇ ವರ್ಷ. ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡು ಎರಡೂವರೆ ವರ್ಷ ಆಯಿತು. ಇಂಟೆಲ್ ಐ5-12450ಎಚ್ ಪ್ರೊಸೆಸರ್ (ಸಿಪಿಯು), ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಚಿಪ್ (ಜಿಪಿಯು), 144 ಹರ್ಟ್ಸ್ ಸ್ಕ್ರೀನ್. ವ್ಯಾಲೊರೆಂಟ್ ಮತ್ತು ಜಿಟಿಎ 5 ಆಡುತ್ತೇನೆ. ಈ ಏಪ್ರಿಲ್‌ನಿಂದ, ಹದಿನೈದು ನಿಮಿಷ ಆಡುವಷ್ಟರಲ್ಲಿ ಸಿಪಿಯು 97 ಡಿಗ್ರಿಗೆ ಏರಿ ಅಲ್ಲೇ ನಿಲ್ಲುತ್ತದೆ. ಜಿಪಿಯು 84. ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 140 ಇದ್ದದ್ದು 50ಕ್ಕೆ ಬೀಳುತ್ತದೆ. ರಾತ್ರಿ ಹನ್ನೊಂದರ ಮೇಲೆ ಆಡಿದರೆ ಪರವಾಗಿಲ್ಲ. ಹೋದ ಬೇಸಿಗೆಯಲ್ಲಿ ಇಷ್ಟು ಕಷ್ಟ ಇರಲಿಲ್ಲ. ಎರಡು ಸಲ ಆಟದ ಮಧ್ಯೆ ಪಟ್ ಅಂತ ಆಫ್ ಆಯಿತು. 1,200 ರೂಪಾಯಿ ಕೊಟ್ಟು ಕೂಲಿಂಗ್ ಪ್ಯಾಡ್ ತಂದೆ, ಹೆಚ್ಚೇನೂ ಉಪಯೋಗವಾಗಲಿಲ್ಲ. ಗೆಳೆಯ ಚಿಪ್ಪಿನ ಮೇಲಿನ, ಬಿಸಿ ದಾಟಿಸುವ ಪೇಸ್ಟ್ ತೆಗೆಸಿ ಲಿಕ್ವಿಡ್ ಮೆಟಲ್ ಹಾಕಿಸು ಅಂತಾನೆ, ಅಂಗಡಿಯವರು ಪೇಸ್ಟೇ ಹೊಸದು ಹಾಕೋಣ ಅಂತಾರೆ, ಅಪ್ಪ ಬ್ಯಾಟರಿ ಸಿಡಿಯುತ್ತೆ, ಆಟ ನಿಲ್ಲಿಸು ಅಂತಾರೆ. ನಮ್ಮ ಮನೆ ಹತ್ತಿ ಜಿನ್ನಿಂಗ್ ಮಿಲ್ಲಿನ ಹಿಂದಿನ ಬೀದಿಯಲ್ಲಿದೆ. ನನ್ನ ಕೋಣೆ ಮೇಲಿನ ಮಹಡಿಯಲ್ಲಿ, ನೇರ ಟೆರೇಸಿನ ಕೆಳಗೆ. ವಾರಂಟಿ ಮುಗಿದಿದೆ. ಇದು ಹಾಳಾಗುವ ಲಕ್ಷಣವಾ? ಏನು ಮಾಡಲಿ?

ಉತ್ತರ: ನೀವು ಭಯಪಟ್ಟಿರುವುದು 97ಕ್ಕೆ. ನನಗೆ ಅದು ಅಷ್ಟು ದೊಡ್ಡ ವಿಷಯವಲ್ಲ. ಎರಡು ಸಲ ಪಟ್ ಅಂತ ಆಫ್ ಆಯಿತು ಎಂದು ಮಧ್ಯದಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಲ್ಲ, ನನ್ನ ಕಣ್ಣು ನಿಂತದ್ದು ಅಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು 97ರ ಕಥೆ ಮುಗಿಸೋಣ.

ನಿಮ್ಮ ಪ್ರೊಸೆಸರ್‌ಗೆ ಇಂಟೆಲ್ ಹಾಕಿರುವ ಗರಿಷ್ಠ ಮಿತಿ 100 ಡಿಗ್ರಿ. ಲ್ಯಾಪ್‌ಟಾಪ್ ಕಂಪನಿಗಳು ಎಷ್ಟೋ ಸಲ ಅದಕ್ಕಿಂತ ಮೂರೋ ಐದೋ ಡಿಗ್ರಿ ಕೆಳಗೇ ಗೆರೆ ಎಳೆದಿರುತ್ತವೆ. ಆ ಗೆರೆ ಮುಟ್ಟಿದ ತಕ್ಷಣ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಅಂತಾರೆ. 97ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ ಎಂದಿದ್ದೀರಿ, ಅಂದರೆ ಆ ಕಾವಲು ಸರಿಯಾಗಿ ಕೆಲಸ ಮಾಡುತ್ತಿದೆ. ಫ್ರೇಮ್ 140ರಿಂದ 50ಕ್ಕೆ ಬಿದ್ದದ್ದು ಅದರ ಬೆಲೆ. ಚಿಪ್ ಸುಟ್ಟುಹೋಗುತ್ತದೆ ಎಂಬ ಮಾತು ನಿಮ್ಮ ಕಾಲದ ಯಂತ್ರಗಳಿಗೆ ಅನ್ವಯಿಸುವುದಿಲ್ಲ. ಇಷ್ಟು ಬಿಸಿಯಲ್ಲಿ ದಿನಾ ನಾಲ್ಕು ಗಂಟೆ ಓಡಿಸಿದರೆ ಸವೆಯುವುದು ಚಿಪ್ಪಿನ ಸುತ್ತಲಿನವು. ಫ್ಯಾನಿನ ಬೇರಿಂಗ್, ಪೇಸ್ಟ್, ಬ್ಯಾಟರಿ.

ಈಗ ರಾತ್ರಿ ಪರವಾಗಿಲ್ಲ ಎಂಬ ಮಾತು. ಇದು ಬಹಳ ಒಳ್ಳೆಯ ಸುಳಿವು. ಲ್ಯಾಪ್‌ಟಾಪಿನ ಫ್ಯಾನು ತಂಪು ಹುಟ್ಟಿಸುವುದಿಲ್ಲ, ಕೋಣೆಯ ಗಾಳಿಯನ್ನು ಎಳೆದು ತಾಮ್ರದ ಮೇಲೆ ಹಾಯಿಸುತ್ತದೆ, ಅಷ್ಟೇ. ಅದಕ್ಕೇ ಚಿಪ್ಪಿನ ಬಿಸಿಯನ್ನು ಯಾವಾಗಲೂ ಕೋಣೆಗಿಂತ ಎಷ್ಟು ಜಾಸ್ತಿ ಎಂದು ನೋಡಬೇಕು. ಒಂದು ಲ್ಯಾಪ್‌ಟಾಪು 26 ಡಿಗ್ರಿಯ ಕೋಣೆಯಲ್ಲಿ 86 ತೋರಿಸಿತು ಅನ್ನಿ. ವ್ಯತ್ಯಾಸ 60. ಅದೇ ಲ್ಯಾಪ್‌ಟಾಪು, ಅದೇ ಆಟ, ಕೋಣೆ 39 ಇದ್ದರೆ 99 ಆಗುತ್ತದೆ. ಯಂತ್ರ ಕೆಟ್ಟಿಲ್ಲ, ಊರು ಬೇರೆ. ಬೆಂಗಳೂರಿನಲ್ಲಿ ಕೂತು ವಿಡಿಯೊ ಮಾಡುವವರು ಇದೇ ಮಾಡೆಲ್ 85 ದಾಟಲ್ಲ ಎಂದರೆ, ಅದು ರಾಯಚೂರಿನ ಏಪ್ರಿಲ್ ಮಧ್ಯಾಹ್ನಕ್ಕೆ ಹೊಂದುವ ಮಾತಲ್ಲ. ಟೆರೇಸಿನ ಕೆಳಗಿನ ಕೋಣೆ ಬೇರೆ. ಟೆರೇಸಿಗೆ ಸುಣ್ಣ ಬಳಿಸಿದರೆ ನಿಮ್ಮ ಸಿಪಿಯುಗೂ ಒಂದೆರಡು ಡಿಗ್ರಿ ಲಾಭ. ತಮಾಷೆಗೆ ಹೇಳುತ್ತಿಲ್ಲ.

ಆದರೆ ಬಿಸಿಲಿನ ಮೇಲೇ ಎಲ್ಲ ಹಾಕುವಂತಿಲ್ಲ. ಹೋದ ಬೇಸಿಗೆಯೂ ಇಷ್ಟೇ ಸುಡುತ್ತಿತ್ತು, ಅಲ್ವಾ? ಆಗ ಆಡಿದ್ದು ಈಗ ಆಡುತ್ತಿಲ್ಲ ಎಂದರೆ ಒಳಗೆ ಏನೋ ಕಟ್ಟಿಕೊಂಡಿದೆ. ಜಿನ್ನಿಂಗ್ ಮಿಲ್ಲಿನ ಹಿಂದಿನ ಬೀದಿ ಎಂದು ಓದಿದಾಗಲೇ ನನಗೆ ಮುಕ್ಕಾಲು ಪಾಲು ಖಾತ್ರಿಯಾಯಿತು. ನಾನು ಹುಬ್ಬಳ್ಳಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಾ ಹದಿನಾರು ವರ್ಷ ಆಯಿತು. ಹತ್ತಿ ಸೀಮೆಯಿಂದ ಬರುವ ಲ್ಯಾಪ್‌ಟಾಪನ್ನು ಬಿಚ್ಚಿದರೆ ಗೊತ್ತಾಗಿಬಿಡುತ್ತದೆ. ಬೇರೆ ಕಡೆಯ ಧೂಳು ಪುಡಿ ಪುಡಿಯಾಗಿ ಉದುರುತ್ತದೆ. ಹತ್ತಿಯ ನಾರು ಹಾಗಲ್ಲ. ಫ್ಯಾನಿನಿಂದ ಹೊರಟ ಗಾಳಿ ತೆಳು ಲೋಹದ ರೆಕ್ಕೆಗಳ ಸಾಲಿಗೆ ನುಗ್ಗುವ ಜಾಗದಲ್ಲಿ ಅದು ಕಂಬಳಿಯ ಹಾಗೆ ಹೆಣೆದುಕೊಂಡು ಕೂತಿರುತ್ತದೆ. ಚಿಮಟದಲ್ಲಿ ಹಿಡಿದು ಎಳೆದರೆ ಇಡೀ ಪಟ್ಟಿ ಒಂದೇ ತುಂಡಾಗಿ ಬರುತ್ತದೆ. ಹೊರಗಿನಿಂದ ಟಾರ್ಚು ಬಿಟ್ಟರೆ ಕಾಣುವುದಿಲ್ಲ, ಯಾಕೆಂದರೆ ಅದು ರೆಕ್ಕೆಗಳ ಒಳಬದಿಗೆ ಇರುತ್ತದೆ. ಫ್ಯಾನು ಜೋರಾಗಿ ಕೂಗುತ್ತದೆ, ಗಾಳಿ ಮಾತ್ರ ಹೊರಗೆ ಬರುವುದಿಲ್ಲ. ನಿಮ್ಮ ಕೂಲಿಂಗ್ ಪ್ಯಾಡ್ ಕೈಕೊಟ್ಟದ್ದೂ ಬಹುಶಃ ಇದಕ್ಕೇ. ಕೆಳಗಿನಿಂದ ಎಷ್ಟೇ ಊದಿದರೂ ಮೂಗು ಕಟ್ಟಿದ್ದರೆ ಏನು ಮಾಡೀತು?

ಇಲ್ಲಿ ಒಂದು ಮಾತು ಹೇಳಲೇಬೇಕು, ಇದರಿಂದ ನನ್ನ ಅಂಗಡಿಯಲ್ಲಿ ಎಷ್ಟೋ ಜಗಳ ಆಗಿವೆ. ಕ್ಲೀನ್ ಮಾಡಿ, ಪೇಸ್ಟ್ ಬದಲಿಸಿ ಕೊಡುತ್ತೇನೆ. ಗಿರಾಕಿ ಮನೆಗೆ ಹೋಗಿ ಆಟ ಹಚ್ಚಿ ಫೋನ್ ಮಾಡುತ್ತಾರೆ. "ಸರ್, ಇನ್ನೂ 95 ತೋರಿಸ್ತಿದೆ, ದುಡ್ಡು ದಂಡ!" ಅವರು ನೋಡುತ್ತಿರುವುದು ತಪ್ಪು ಅಂಕಿ. ಇಂದಿನ ಪ್ರೊಸೆಸರ್ ಹಸಿದ ಎತ್ತಿದ್ದ ಹಾಗೆ, ಹಾಕಿದಷ್ಟೂ ಮೇಯುತ್ತದೆ. ತಂಪು ಸಿಕ್ಕಷ್ಟೂ ವೇಗ ಏರಿಸಿಕೊಂಡು ಮತ್ತೆ ಅದೇ ಮಿತಿಯ ಹತ್ತಿರ ಹೋಗಿ ನಿಲ್ಲುತ್ತದೆ. ಕ್ಲೀನ್ ಮಾಡುವ ಮುಂಚೆ 97 ಡಿಗ್ರಿಗೆ 25 ವ್ಯಾಟ್ ಅಷ್ಟೇ ಎಳೆಯುತ್ತಿದ್ದದ್ದು, ಆಮೇಲೆ 95 ಡಿಗ್ರಿಗೆ 45 ವ್ಯಾಟ್ ಎಳೆಯುತ್ತಿರಬಹುದು. ಡಿಗ್ರಿ ಅಲ್ಲೇ ಇದೆ, ಎಳೆಯುವ ವಿದ್ಯುತ್ತು ಹೆಚ್ಚುಕಡಿಮೆ ಇಮ್ಮಡಿ, ಕೆಲಸವೂ ಜಾಸ್ತಿ. ಅದಕ್ಕೇ ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರಲ್ಲಿ ಡಿಗ್ರಿಯ ಜೊತೆಗೆ ಸಿಪಿಯು ಪ್ಯಾಕೇಜ್ ಪವರ್ (ಎಳೆಯುವ ವ್ಯಾಟು), ಕ್ಲಾಕ್ (ಪ್ರೊಸೆಸರಿನ ವೇಗ), ಫ್ಯಾನಿನ ವೇಗ ನೋಡಿ. ಇವತ್ತು ಮಧ್ಯಾಹ್ನ ಇಪ್ಪತ್ತು ನಿಮಿಷ ಆಡಿ, ಆ ಅಂಕಿಗಳನ್ನು, ಕೋಣೆಯ ಉಷ್ಣತೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಏನು ಮಾಡಿದರೂ ಈ ಚೀಟಿಯ ಪಕ್ಕ ಇಟ್ಟೇ ನೋಡಬೇಕು.

ಇಷ್ಟೊಂದು ಬಿಸಿ ಬರುವುದಾದರೂ ಎಲ್ಲಿಂದ? ನಿಮ್ಮ ಸಿಪಿಯುವಿನ ಸಾಮಾನ್ಯ ಊಟ 45 ವ್ಯಾಟ್, ಬೂಸ್ಟ್ ಹೊಡೆದಾಗ, ಅಂದರೆ ಮೂಲ ವೇಗ ಮೀರಿ ಓಡುವಾಗ, 95ರ ತನಕ ಹೋಗಬಲ್ಲದು. 3050 ಜಿಪಿಯು ಕಂಪನಿ ಕೊಟ್ಟ ಮಿತಿಯ ಮೇಲೆ 35ರಿಂದ 80 ವ್ಯಾಟ್. ಎರಡೂ ಸೇರಿ ಆಟದಲ್ಲಿ ಸುಲಭವಾಗಿ ನೂರು ದಾಟುತ್ತದೆ. ಹಳೇ ಕಾಲದ 100 ವ್ಯಾಟ್ ಬಲ್ಬು ನೆನಪಿದೆಯಾ? ಉರಿಯುವಾಗ ಮುಟ್ಟಲಾಗುತ್ತಿರಲಿಲ್ಲ. ಅದನ್ನು ಎರಡೂವರೆ ಸೆಂಟಿಮೀಟರ್ ದಪ್ಪದ ಡಬ್ಬಿಯಲ್ಲಿ ಮುಚ್ಚಿಟ್ಟ ಹಾಗೆ. ಬಿಸಿಯನ್ನು ಹೊರಗೆ ಸಾಗಿಸುವುದು ತಾಮ್ರದ ಹೀಟ್ ಪೈಪು. ಒಳಗೆ ಕೆಲವು ಹನಿ ನೀರು ಇರುತ್ತದೆ. ಚಿಪ್ಪಿನ ಕಡೆ ಆವಿಯಾಗಿ, ಫ್ಯಾನಿನ ಕಡೆ ತಣ್ಣಗಾಗಿ ಮತ್ತೆ ಹನಿಯಾಗಿ ವಾಪಸ್ ಬರುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಆಗುವುದೂ ಇದೇ. ಹೆಚ್ಚಿನ ಮಾಡೆಲ್‌ಗಳಲ್ಲಿ ಈ ಪೈಪು ಸಿಪಿಯು, ಜಿಪಿಯು ಎರಡಕ್ಕೂ ಒಂದೇ. ಅದಕ್ಕೇ ಜಿಪಿಯು ಕೆಲಸ ಕಡಿಮೆ ಮಾಡಿದರೆ ಸಿಪಿಯು ಕೂಡ ತಣ್ಣಗಾಗುತ್ತದೆ. ಇದನ್ನು ನೆನಪಿಡಿ, ಕೆಳಗೆ ಬೇಕಾಗುತ್ತದೆ.

ಈಗ ಆ ಎರಡು ಸಲ ಆಫ್ ಆದ ವಿಷಯ. ಥ್ರಾಟ್ಲಿಂಗ್ ಸರಿ ಇದ್ದರೆ ಲ್ಯಾಪ್‌ಟಾಪ್ ನಿಧಾನ ಆಗಬೇಕು, ಆಫ್ ಆಗಬಾರದು. ಆಫ್ ಆಯಿತು ಎಂದರೆ ವೇಗ ಇಳಿಸಿದರೂ ತಡೆಯದಷ್ಟು ಬಿಸಿ ಎಲ್ಲೋ ಏರಿದೆ, ಇಲ್ಲವೇ ವಿದ್ಯುತ್ ಕೈಕೊಟ್ಟಿದೆ. ನಾನು ನೋಡುವ ಮೊದಲ ಅಪರಾಧಿ, ಎರಡು ಫ್ಯಾನಿನಲ್ಲಿ ಒಂದು ನಿಂತಿರುವುದು. ಒಂದು ಕೂಗುತ್ತಿದ್ದರೆ ಇನ್ನೊಂದು ಸತ್ತದ್ದು ಕಿವಿಗೆ ಗೊತ್ತೇ ಆಗುವುದಿಲ್ಲ. ಆಟ ಓಡುವಾಗ ಗಾಳಿ ಹೊರಬರುವ ಎರಡೂ ಕಿಂಡಿಗಳ ಮುಂದೆ ಟಿಶ್ಯೂ ಕಾಗದದ ಚೂರು ಹಿಡಿಯಿರಿ. ಎರಡೂ ಕಡೆ ಒಂದೇ ಥರ ಹಾರಬೇಕು. ಒಂದು ಕಡೆ ಸುಮ್ನೆ ನೇತಾಡಿದರೆ ಉತ್ತರ ಸಿಕ್ಕಿತು. ಎರಡೂ ಸರಿ ಇದ್ದರೆ ಚಾರ್ಜರ್ ನೋಡಿ. ಡಬ್ಬಿಯ ಜೊತೆ ಬಂದದ್ದೇನಾ, ಅಥವಾ ಆಮೇಲೆ ಕಡಿಮೆ ವ್ಯಾಟಿನದು ತಂದಿರಾ? ಹಾಸಿಗೆಯ ಮೇಲೆ, ದಿಂಬಿನ ಕೆಳಗೆ ಬಿದ್ದಿರುತ್ತದಾ? ಅದಕ್ಕೂ ಗಾಳಿ ಬೇಕು. ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗುವ ಕ್ಷಣದಲ್ಲಿ ಆಫ್ ಆಗಿದ್ದರೆ ಅದು ಬಿಸಿಯ ದೋಷವೇ ಅಲ್ಲ. ಬ್ಯಾಟರಿ ಸುಸ್ತಾಗಿದೆ ಎಂದರ್ಥ.

ಅಪ್ಪನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಸಿಪಿಯು 97 ಆದರೆ ಬ್ಯಾಟರಿಯೂ 97 ಆಗುವುದಿಲ್ಲ, ಅದು ದೂರ ಇರುತ್ತದೆ. ಆಟ ಆಡುತ್ತಾ ಬ್ಯಾಟರಿ ಸಿಡಿದದ್ದನ್ನು ನಾನು ಇಷ್ಟು ವರ್ಷದಲ್ಲಿ ಒಂದೂ ನೋಡಿಲ್ಲ. ಉಬ್ಬಿದ್ದನ್ನು ಮಾತ್ರ ತಿಂಗಳಿಗೆ ಒಂದೆರಡು ನೋಡುತ್ತೇನೆ. ಲಿಥಿಯಂ ಬ್ಯಾಟರಿಗೆ ಎರಡು ಶತ್ರು: ಬಿಸಿ, ಮತ್ತು ಸದಾ 100 ಪರ್ಸೆಂಟ್ ಚಾರ್ಜ್. ಗೇಮಿಂಗ್ ಲ್ಯಾಪ್‌ಟಾಪಿಗೆ ಎರಡೂ ಒಟ್ಟಿಗೆ ಸಿಗುತ್ತವೆ. ಲ್ಯಾಪ್‌ಟಾಪ್ ಮುಚ್ಚಿ ಸಮತಟ್ಟಾದ ಟೇಬಲ್ ಮೇಲಿಡಿ. ತೂಗಾಡುತ್ತದಾ? ಟಚ್‌ಪ್ಯಾಡ್ ಎದ್ದಿದೆಯಾ? ಕ್ಲಿಕ್ ಗಟ್ಟಿಯಾಗಿದೆಯಾ? ಹೌದಾದರೆ ಅವತ್ತೇ ಬಳಕೆ ನಿಲ್ಲಿಸಿ, ಚಾರ್ಜ್ ಹಾಕಬೇಡಿ, ಒತ್ತಬೇಡಿ, ಬ್ಯಾಟರಿ ಬದಲಿಸಿ. ಇಲ್ಲವಾದರೆ ಕಂಪನಿಯ ಆ್ಯಪ್‌ನಲ್ಲಿ ಚಾರ್ಜ್ ಮಿತಿ 80ಕ್ಕೆ ಇಡಿ. ಬಿಸಿ ಆಗುತ್ತೆ ಅಂತ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಆಡುವವರಿದ್ದಾರೆ. ಆಗ ಆಟವೂ ಕುಂಟುತ್ತದೆ, ಬ್ಯಾಟರಿಯೂ ಬೇಗ ಸವೆಯುತ್ತದೆ.

ಪರಿಹಾರಕ್ಕೆ ಬಂದರೆ, ಎಲ್ಲರೂ ಕೇಳುವುದು ಬಿಸಿಯನ್ನು ಹೊರಗೆ ಹಾಕುವುದು ಹೇಗೆ ಅಂತ. ನಾನು ಮೊದಲು ಕೇಳುವುದು, ಬೇಡದ ಬಿಸಿಯನ್ನು ಹುಟ್ಟಿಸುವುದು ಯಾಕೆ ಅಂತ. ಇದಕ್ಕೆ ಸ್ಕ್ರೂಡ್ರೈವರ್ ಬೇಡ, ದುಡ್ಡೂ ಬೇಡ. ನಿಮ್ಮ ಸ್ಕ್ರೀನು ಸೆಕೆಂಡಿಗೆ 144 ಚಿತ್ರ ಮಾತ್ರ ತೋರಿಸಬಲ್ಲದು. ವ್ಯಾಲೊರೆಂಟ್ ಬಿಟ್ಟರೆ ಅದರ ಮೇಲೂ ಓಡುತ್ತದೆ. ಮೆನುವಿನಲ್ಲಿ ಗನ್ನಿನ ಬಣ್ಣ ನೋಡುತ್ತಾ ಕೂತಾಗಲೂ ಜಿಪಿಯು ಬೆವರು ಸುರಿಸುತ್ತಿರುತ್ತದೆ. ಆಟದ ವಿಡಿಯೊ ಸೆಟ್ಟಿಂಗ್‌ನಲ್ಲೇ ಫ್ರೇಮ್ ಮಿತಿ ಇದೆ. ಆಟಕ್ಕೆ 120, ಮೆನುವಿಗೆ 30 ಹಾಕಿ. ಜಿಟಿಎ 5ಕ್ಕೆ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ 60. ಕಥೆ ಆಡುವ ಆಟಕ್ಕೆ 60 ಸಾಕು. ಪೈಪು ಇಬ್ಬರಿಗೂ ಒಂದೇ ಎಂದೆನಲ್ಲ, ಇಲ್ಲಿ ಉಳಿದ ವ್ಯಾಟು ಸಿಪಿಯುಗೂ ಉಸಿರು ಕೊಡುತ್ತದೆ.

ಎರಡನೆಯದು ಬೂಸ್ಟ್. ವೇಗ 10 ಪರ್ಸೆಂಟ್ ಏರಿಸಲು ವೋಲ್ಟೇಜನ್ನೂ 10 ಪರ್ಸೆಂಟ್ ಏರಿಸಬೇಕಾಯಿತು ಅನ್ನಿ. ವಿದ್ಯುತ್ತು ವೇಗದ ಲೆಕ್ಕದಲ್ಲೂ ಏರುತ್ತದೆ, ಅದರ ಮೇಲೆ ವೋಲ್ಟೇಜಿನ ವರ್ಗದ ಲೆಕ್ಕದಲ್ಲೂ ಏರುತ್ತದೆ. ಒಟ್ಟು ಖರ್ಚು ಸುಮಾರು 33 ಪರ್ಸೆಂಟ್ ಜಾಸ್ತಿ. ಕೊನೆಯ ಒಂದಿಷ್ಟು ವೇಗಕ್ಕೆ ಇಷ್ಟು ದುಬಾರಿ ಬೆಲೆ. ವಿಂಡೋಸಿನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂಬುದನ್ನು 100ರಿಂದ 99 ಮಾಡಿದರೆ ಬೂಸ್ಟ್ ಪೂರ್ತಿ ನಿಲ್ಲುತ್ತದೆ. ಡಿಗ್ರಿ ಧಡಕ್ಕನೆ ಇಳಿಯುತ್ತದೆ. ಆದರೆ ಇದರಲ್ಲೊಂದು ತೊಡಕು. ನಿಮ್ಮ ಪ್ರೊಸೆಸರಿನ ಮೂಲ ವೇಗ 2 ಗಿಗಾಹರ್ಟ್ಸ್ ಮಾತ್ರ. ಬೂಸ್ಟ್ 4.4ರ ತನಕ. ವ್ಯಾಲೊರೆಂಟ್ ಸಿಪಿಯುವಿನ ಮೇಲೆ ಭಾರ ಹಾಕುವ ಆಟ, ಆದ್ದರಿಂದ ಫ್ರೇಮ್ ಗಣನೀಯವಾಗಿ ಬೀಳಬಹುದು. 99 ಅನ್ನು ಜಿಟಿಎಗೆ, ಅಥವಾ ಸುಡುವ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ವ್ಯಾಲೊರೆಂಟ್‌ಗೆ ಕಂಪನಿಯ ಆ್ಯಪ್‌ನಲ್ಲಿ ಪರ್ಫಾರ್ಮೆನ್ಸ್ ಮೋಡ್ ಬಿಟ್ಟು ಬ್ಯಾಲೆನ್ಸ್ಡ್ ಮೋಡ್ ಹಾಕಿ ನೋಡಿ. ಅದು ವ್ಯಾಟಿಗೇ ಮಿತಿ ಹಾಕುತ್ತದೆ. 97ಕ್ಕೆ ಬಡಿದು 50ಕ್ಕೆ ಬೀಳುವ ಬದಲು ಒಂದೇ ಸಮ 110 ಸಿಕ್ಕರೆ ಆಟಕ್ಕೆ ಅದೇ ಒಳ್ಳೆಯದು.

ಅಂಡರ್‌ವೋಲ್ಟ್ ಮಾಡು, ಅಂದರೆ ಚಿಪ್ಪಿಗೆ ಹೋಗುವ ವೋಲ್ಟೇಜ್ ಇಳಿಸು, ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಳ್ಳೆಯ ಉಪಾಯವೇ, ಆದರೆ 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಯಲಾದ ಮೇಲೆ ಹೆಚ್ಚಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸಿಪಿಯುವಿನ ಆ ಬಾಗಿಲು ಮುಚ್ಚಿದೆ. ಅಲ್ಲದೆ ವ್ಯಾಲೊರೆಂಟ್‌ನ ವ್ಯಾನ್‌ಗಾರ್ಡ್ ಕಾವಲುಗಾರ (ಆಟದಲ್ಲಿ ಮೋಸ ತಡೆಯುವ ಸಾಫ್ಟ್‌ವೇರ್) ಇಂಥ ಕೆಲವು ಟೂಲ್‌ಗಳ ಡ್ರೈವರ್‌ಗಳನ್ನು ತಡೆದದ್ದಿದೆ. ಜಿಪಿಯುವನ್ನು ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ ಮಾಡಬಹುದು. ತಪ್ಪಾದರೆ ಆಟ ಕ್ರ್ಯಾಶ್ ಆಗುತ್ತದೆ, ರೀಸ್ಟಾರ್ಟ್ ಮಾಡಿದರೆ ಸರಿ. ಆಸಕ್ತಿ ಇದ್ದರೆ ಮಾಡಿ.

ಕೋಣೆಯ ವಿಷಯಕ್ಕೆ ಎರಡೇ ಮಾತು. ಲ್ಯಾಪ್‌ಟಾಪಿನ ಹಿಂಭಾಗವನ್ನು ಎರಡು ಬಾಟಲಿ ಮುಚ್ಚಳದಷ್ಟು ಎತ್ತಿಡಿ, ಅಗ್ಗದ ಪ್ಯಾಡು ಕೊಡುವ ಲಾಭದಲ್ಲಿ ಹೆಚ್ಚಿನ ಪಾಲು ಈ ಎತ್ತರದಿಂದಲೇ ಬರುವುದು. ನಿಮ್ಮ ಕಡೆಯ ಒಣ ಗಾಳಿಗೆ ಏರ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಕೋಣೆಯಲ್ಲಿ ಇರಲಿ, ಆದರೆ ಅದರ ತೇವದ ಗಾಳಿಯನ್ನು ನೇರ ಲ್ಯಾಪ್‌ಟಾಪಿನ ಬಾಯಿಗೆ ಹಿಡಿಯಬೇಡಿ. ನಾರು ಒದ್ದೆಯಾದರೆ ಇನ್ನೂ ಗಟ್ಟಿಯಾಗಿ ಅಂಟುತ್ತದೆ. ಐಸ್ ಪ್ಯಾಕು, ಒದ್ದೆ ಬಟ್ಟೆ, ಫ್ರಿಜ್‌ನಲ್ಲಿ ಹತ್ತು ನಿಮಿಷ, ಇವನ್ನೆಲ್ಲ ಮಾಡಿ ಬಂದವರನ್ನು ನೋಡಿದ್ದೇನೆ. ಲೋಹ ತಣ್ಣಗಾದ ಕೂಡಲೇ ಒಳಗೆ ನೀರು ಕಟ್ಟುತ್ತದೆ. ಬೋರ್ಡ್ ಹೋದರೆ ಅರ್ಧ ಲ್ಯಾಪ್‌ಟಾಪಿನ ದುಡ್ಡು.

ಕ್ಲೀನಿಂಗ್ ನಿಮಗೆ ಬೇಕೇ ಬೇಕು. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಬೇಡಿ. ಆ ಕಂಪ್ರೆಸರಿನಲ್ಲಿ ನೀರು, ಎಣ್ಣೆ ಎರಡೂ ಇರುತ್ತವೆ. ಒತ್ತಡಕ್ಕೆ ಫ್ಯಾನು ಮಿತಿಮೀರಿ ತಿರುಗಿ ಬೇರಿಂಗ್ ಹೋಗುತ್ತದೆ. ಅದೂ ಅಲ್ಲದೆ ಹೊರಗಿನಿಂದ ಹೊಡೆದ ಗಾಳಿ ಹತ್ತಿಯ ಪಟ್ಟಿಯನ್ನು ಕೀಳುವುದಿಲ್ಲ, ಒಳಗೆ ಹಿಂದಕ್ಕೆ ತಳ್ಳುತ್ತದೆ ಅಷ್ಟೇ. ತಳ ಬಿಚ್ಚಿ, ಮೊದಲು ಬ್ಯಾಟರಿ ಕನೆಕ್ಟರ್ ತೆಗೆದು, ಫ್ಯಾನನ್ನು ಹೊರತೆಗೆದು, ಕೈಯಿಂದಲೇ ಆ ಪಟ್ಟಿಯನ್ನು ತೆಗೆಯಬೇಕು. ನಿಮಗೆ ಕೈ ಸ್ಥಿರ ಇದ್ದು ನಿಮ್ಮದೇ ಮಾಡೆಲ್ಲಿನ ವಿಡಿಯೊ ಸಿಕ್ಕರೆ ಇಷ್ಟರ ಮಟ್ಟಿಗೆ ನೀವೇ ಮಾಡಬಹುದು. ನಿಮ್ಮ ಬೀದಿಯಲ್ಲಿ ಇದು ವರ್ಷಕ್ಕೊಮ್ಮೆ ಸಾಲದು. ಆರು ತಿಂಗಳಿಗೊಮ್ಮೆ ಮಾಡಿ, ಮಿಲ್ ನಡೆಯುವ ಕಾಲ ಮುಗಿದ ಕೂಡಲೇ ಒಂದು ಸಲವಂತೂ ಆಗಲಿ.

ಪೇಸ್ಟ್ ಬೇರೆ ಮಾತು. ಅದಕ್ಕೆ ಹೀಟ್‌ಸಿಂಕ್ (ಪೈಪು, ರೆಕ್ಕೆ ಸೇರಿದ ಲೋಹದ ಜೋಡಣೆ) ಪೂರ್ತಿ ಎತ್ತಬೇಕು. ಎರಡೂವರೆ ವರ್ಷಕ್ಕೆ ಪೇಸ್ಟ್ ಬದಲಿಸುವುದು ತಪ್ಪಲ್ಲ, ಬಿಸಿ ತಣಿ ಆಗುತ್ತಾ ಚಿಪ್ಪಿನ ಮಧ್ಯದಿಂದ ಅದು ಅಂಚಿಗೆ ಸರಿದಿರುತ್ತದೆ. ಆದರೆ ಶುರುವಿನ ವರ್ಷಗಳಲ್ಲಿ ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಮೆಮೊರಿ ಚಿಪ್ಪುಗಳ ಮೇಲೆ ಬಿಸಿ ದಾಟಿಸಲು ಇಡುವ ಮೆತ್ತನೆಯ ಥರ್ಮಲ್ ಪ್ಯಾಡ್ ಹರಿದಿತ್ತು, ಕೈಗೆ ಸಿಕ್ಕ ಪ್ಯಾಡ್ ಹಾಕಿದೆ. ಅರ್ಧ ಮಿಲಿಮೀಟರ್ ದಪ್ಪ ಜಾಸ್ತಿ. ಹೀಟ್‌ಸಿಂಕ್ ಅದರ ಮೇಲೆ ಕೂತು ಸಿಪಿಯುವನ್ನು ಸರಿಯಾಗಿ ಮುಟ್ಟಲೇ ಇಲ್ಲ. ಬಂದಾಗ 92 ಇದ್ದ ಲ್ಯಾಪ್‌ಟಾಪು ಆನ್ ಮಾಡಿದ ನಿಮಿಷದಲ್ಲಿ 100 ಮುಟ್ಟಿತು. ಗಿರಾಕಿ ಎದುರಿಗೇ ಕೂತಿದ್ದರು. ಆದ್ದರಿಂದ ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಿ. ಪ್ಯಾಡ್ ಹರಿದರೆ ಎಷ್ಟು ಮಿಲಿಮೀಟರಿನದು ಹಾಕುತ್ತೀರಿ? ಪೇಸ್ಟ್ ಯಾವುದು? ತೆಳ್ಳಗೆ ಹರಿಯುವ ಪೇಸ್ಟ್ ಲ್ಯಾಪ್‌ಟಾಪಿಗೆ ಬೇಡ, ಕೆಲವೇ ತಿಂಗಳಲ್ಲಿ ಸರಿದುಬಿಡುತ್ತದೆ. ಗಟ್ಟಿ ಪೇಸ್ಟ್ ಇರಲಿ. ಹನಿವೆಲ್‌ನ ಪಿಟಿಎಂ7950 ಹಾಳೆ ಇನ್ನೂ ಒಳ್ಳೆಯದು. ಸುಮಾರು 45 ಡಿಗ್ರಿಗೆ ಮೆತ್ತಗಾಗಿ ಚಿಪ್ಪಿಗೆ ಹೊಂದಿಕೊಳ್ಳುತ್ತದೆ, ಸರಿಯುವುದಿಲ್ಲ. ನಕಲಿಯೂ ಸಿಗುತ್ತದೆ, ನೋಡಿ ತಗೊಳ್ಳಿ.

ಲಿಕ್ವಿಡ್ ಮೆಟಲ್ ಬೇಡ. ಅದು ಗ್ಯಾಲಿಯಂ ಸೇರಿದ ಲೋಹ. ವಿದ್ಯುತ್ ಹರಿಸುತ್ತದೆ, ಅಲ್ಯುಮಿನಿಯಂ ತಾಗಿದರೆ ತಿಂದುಹಾಕುತ್ತದೆ. ಬ್ಯಾಗಿನಲ್ಲಿ ಕಾಲೇಜಿಗೆ ಕುಲುಕಾಡುತ್ತಾ ಹೋಗುವ ಲ್ಯಾಪ್‌ಟಾಪಿನಲ್ಲಿ ಒಂದು ಹನಿ ಬೋರ್ಡಿಗೆ ಜಾರಿದರೂ ಮುಗಿಯಿತು. ಕಾರ್ಖಾನೆಯಲ್ಲೇ ಹಾಕಿ ಕಳಿಸುವ ಕಂಪನಿಗಳಿವೆ, ಅವರು ಸುತ್ತ ಒಡ್ಡು ಕಟ್ಟಿರುತ್ತಾರೆ. ಗೆಳೆಯನ ಕೋಣೆಯಲ್ಲಿ ಆ ಒಡ್ಡು ಇರುವುದಿಲ್ಲ.

ಹೀಗಾಗಿ ಇವತ್ತು ಚೀಟಿ ಬರೆಯುವುದು, ಟಿಶ್ಯೂ ಪರೀಕ್ಷೆ, ಫ್ರೇಮ್ ಮಿತಿ. ಮತ್ತೊಮ್ಮೆ ಆಫ್ ಆದರೆ ಆಟ ಅಲ್ಲಿಗೇ ನಿಲ್ಲಿಸಿ, ನೇರ ಅಂಗಡಿಗೆ ಹೋಗಿ. ಆಗದಿದ್ದರೂ ಈ ತಿಂಗಳಲ್ಲಿ ಕ್ಲೀನಿಂಗ್, ಅದರ ಜೊತೆಗೇ ಪೇಸ್ಟ್. ಫ್ಯಾನು ಸತ್ತಿದ್ದರೆ ನಿಮ್ಮ ಮಾಡೆಲ್ಲಿನದೇ ಫ್ಯಾನು ಹಾಕಿಸಿ, ಹಳೆಯದಕ್ಕೆ ಎಣ್ಣೆ ಬಿಟ್ಟು ಕೊಡುವವರಿದ್ದಾರೆ, ಅದು ಒಂದು ತಿಂಗಳ ಮಾತು. ಕೆಲಸ ಮುಗಿದ ಮೇಲೆ ಅಲ್ಲೇ ಕೂತು ಇಪ್ಪತ್ತು ನಿಮಿಷ ಆಡಿ, ವ್ಯಾಟು ಡಿಗ್ರಿ ಎರಡನ್ನೂ ಚೀಟಿಯ ಪಕ್ಕ ಬರೆದುಕೊಳ್ಳಿ. ಅಂಗಡಿಯಲ್ಲಿ ಎಸಿ ಇದ್ದರೆ ಕೋಣೆ 25 ಇರುತ್ತದೆ. ಅಲ್ಲಿ 82 ಕಂಡಿತು ಅಂತ ಖುಷಿಯಿಂದ ಹೊರಡಬೇಡಿ. ನಿಮ್ಮ ಕೋಣೆ 39 ಇದ್ದರೆ ಅದು 96.